ಸಮಗ್ರ ಸಂಪುಟದ ಎರಡು ಪ್ರತಿಜ್ಞೆಗಳು: ಮೊಂತೆವೆರ್ದಿಯ ಕೃತಿಗಳ ಸಂಪಾದನೆಯನ್ನು ಕುರಿತು

ಒಬ್ಬ ಕರ್ತೃವಿನ ಕೃತಿಗಳನ್ನೆಲ್ಲ ಶಾಸ್ತ್ರೀಯವಾಗಿ ಸಂಪಾದಿಸಿ ಪ್ರಕಟಿಸುವ ಕಾರ್ಯದಲ್ಲಿ ಎರಡು ಪ್ರತಿಜ್ಞೆಗಳು ಅಡಗಿವೆ. ಉಳಿದುಬಂದುದೆಲ್ಲವನ್ನೂ ಕೊಡುತ್ತೇವೆ ಎಂಬುದು ಒಂದು. ಕೊಟ್ಟುದೆಲ್ಲ ಕರ್ತೃವಿನದೇ ಎಂಬುದು ಇನ್ನೊಂದು. ಮೊದಲನೆಯದು ಸಂಗ್ರಹಬುದ್ಧಿಯನ್ನು ಬೇಡುತ್ತದೆ, ಎರಡನೆಯದು ವಿವೇಚನೆಯನ್ನು. ಇವೆರಡೂ ಒಂದೇ ಕಾಲಕ್ಕೆ ಪೂರ್ಣವಾಗಿ ನೆರವೇರುವುದು ವಿರಳ. ಗ್ರಂಥಸಂಪಾದನೆಯಲ್ಲಿ ತೊಡಗಿದವರೆಲ್ಲರೂ ಬಲ್ಲ ಈ ಇಕ್ಕಟ್ಟು ಕಾವ್ಯ, ಶಾಸ್ತ್ರಗಳಿಗೆ ಮಾತ್ರ ಸೀಮಿತವಾದುದಲ್ಲ. ಇಟಲಿಯ ಸಂಗೀತರಚಕ ಕ್ಲೌದಿಯೋ ಮೊಂತೆವೆರ್ದಿಯ ಕೃತಿಗಳು ಇಪ್ಪತ್ತನೆಯ ಶತಮಾನದಲ್ಲಿ ಎರಡು ಬಾರಿ ಸಮಗ್ರ ಪ್ರಕಟನೆಯ ಯತ್ನಕ್ಕೆ ಒಳಗಾದವು. ಆ ಎರಡು ಯತ್ನಗಳ ಗುಣದೋಷಗಳನ್ನು ತೂಗಿನೋಡುವುದು ಹಸ್ತಪ್ರತಿಶಾಸ್ತ್ರದ ಅಭ್ಯಾಸಿಗಳಿಗೆ ನಿಷ್ಪ್ರಯೋಜಕವಾಗಲಾರದು. ಪಾಶ್ಚಾತ್ಯ ಸಂಗೀತದ ಪರಿಚಯ ಇದಕ್ಕೆ ಅಗತ್ಯವಿಲ್ಲ. ಪಾಠ, ಪಾಠಾಂತರ, ಪ್ರಕ್ಷೇಪ, ಟೀಕೆ ಎಂಬ ನಾಲ್ಕು ಮಾತುಗಳ ಅರ್ಥ ಬಲ್ಲವರಿಗೆ ವಿಷಯ ಸ್ಪಷ್ಟವಾಗುತ್ತದೆ.

೧

ಮೊಂತೆವೆರ್ದಿ ಹುಟ್ಟಿದ್ದು ಉತ್ತರ ಇಟಲಿಯ ಕ್ರೆಮೋನದಲ್ಲಿ, ೧೫೬೭ರಲ್ಲಿ. ಸುಮಾರು ೧೫೯೦ರಿಂದ ೧೬೧೨ರವರೆಗೆ ಮಾಂತುವದ ಗೊಂಜಾಗ ಅರಸರ ಆಸ್ಥಾನದಲ್ಲಿದ್ದು, ೧೬೧೩ರಿಂದ ೧೬೪೩ರಲ್ಲಿ ತೀರಿಕೊಳ್ಳುವವರೆಗೆ ವೆನಿಸ್ಸಿನ ಸಂತ ಮಾರ್ಕನ ದೇವಾಲಯದಲ್ಲಿ ಸಂಗೀತಾಧಿಪತಿಯಾಗಿದ್ದವನು. ಬರೋಕ್ ಎಂದು ಹೆಸರಾದ ಸಂಗೀತಯುಗದ ಆರಂಭದಲ್ಲಿ ನಿಂತ ಪ್ರಮುಖರಲ್ಲಿ ಒಬ್ಬನು. ಅವನ ನೂರಕ್ಕೂ ಹೆಚ್ಚು ಪತ್ರಗಳು ಉಳಿದಿವೆ. ಆದರೆ ಅವನ ಸಂಗೀತವನ್ನು ಮಾತ್ರ ಮುದ್ರಿತ ಹೊತ್ತಗೆಗಳಿಂದಲೂ ಇತರರು ಬರೆದ ಪ್ರತಿಗಳಿಂದಲೂ ತಿಳಿಯಬೇಕಾಗಿದೆ. ೧೬೩೦ರಲ್ಲಿ ಮಾಂತುವ ನಗರವು ಸೈನಿಕರ ಲೂಟಿಗೆ ತುತ್ತಾದಾಗ ಅಲ್ಲಿ ಉಳಿದಿದ್ದ ಎಷ್ಟೋ ರಚನೆಗಳು ನಾಶವಾದುವೆಂದು ವಿದ್ವಾಂಸರು ಊಹಿಸುತ್ತಾರೆ. ೧೬೦೮ರಲ್ಲಿ ಆಸ್ಥಾನದ ಮದುವೆಯ ಸಂದರ್ಭಕ್ಕೆ ರಚಿತವಾದ ‘ಅರಿಯಾನ’ ಎಂಬ ಗೀತನಾಟಕದ ಮಾತುಗಳೆಲ್ಲ ಉಳಿದಿವೆ. ಸಂಗೀತದಲ್ಲಿ ಉಳಿದುದು ನಾಯಕಿಯ ಪ್ರಲಾಪವೊಂದೇ.

ಮುದ್ರಿತವಾದುದರಿಂದ ಪಾಠ ಸ್ಥಿರವಾಗಿರಬೇಕೆಂದು ಭಾವಿಸುವುದು ಸಹಜ. ಆದರೆ ಆ ಕಾಲದ ಸಂಗೀತಮುದ್ರಣದ ಕ್ರಮವನ್ನು ನೋಡಿದರೆ ಆ ಭಾವನೆ ನಿಲ್ಲುವುದಿಲ್ಲ. ಐದು ಕಂಠಗಳು ಕೂಡಿ ಹಾಡುವ ಮ್ಯಾಡ್ರಿಗಲ್ ಎಂಬ ಗೀತವನ್ನು ಐದು ಬಿಡಿ ಹೊತ್ತಗೆಗಳಾಗಿ ಅಚ್ಚುಮಾಡುತ್ತಿದ್ದರು. ಪ್ರತಿಯೊಬ್ಬ ಗಾಯಕನ ಮುಂದೆ ತನ್ನ ಪಾಲಿನ ಸ್ವರಗಳು ಮಾತ್ರ ಇರುತ್ತಿದ್ದುವು. ಎಲ್ಲ ಕಂಠಗಳನ್ನೂ ಒಂದರ ಕೆಳಗೊಂದು ಜೋಡಿಸಿದ ಪುಟ ಸಾಮಾನ್ಯವಾಗಿ ಅಚ್ಚಾಗುತ್ತಿರಲಿಲ್ಲ. ಅದನ್ನು ಸಂಪಾದಕನೇ ಕಟ್ಟಬೇಕು. ಹೀಗೆ ಕಟ್ಟುವಾಗ ಒಂದು ಹೊತ್ತಗೆ ಕಳೆದುಹೋಗಿದ್ದರೆ ಕೃತಿಯೇ ಅಂಗಹೀನವಾಗುತ್ತದೆ. ೧೫೮೩ರಲ್ಲಿ ಬ್ರೆಶಿಯದಲ್ಲಿ ಅಚ್ಚಾದ ಅವನ ನಾಲ್ಕು ಕಂಠಗಳ ಧಾರ್ಮಿಕ ಮ್ಯಾಡ್ರಿಗಲ್‌ಗಳ ಪೈಕಿ ಈಗ ದೊರೆಯುವುದು ಮಂದ್ರಕಂಠದ ಹೊತ್ತಗೆಯೊಂದೇ. ನಾಲ್ಕು ಗರಿಗಳಲ್ಲಿ ಮೂರು ಹೋಗಿ ಒಂದು ಉಳಿದಂತೆ ಎಂದರೆ ಸಾಲದು. ಪ್ರತಿಯೊಂದು ಸಾಲಿನಲ್ಲಿಯೂ ನಾಲ್ಕರಲ್ಲಿ ಮೂರು ಅಕ್ಷರಗಳು ಅಳಿದಂತೆ ಎಂದರೆ ಸರಿಯಾದೀತು. ಅದನ್ನು ಸಮಗ್ರ ಸಂಪುಟದಲ್ಲಿ ಸೇರಿಸಿದರೆ ಹಾಡಲಾಗದು, ಬಿಟ್ಟರೆ ಸಮಗ್ರವೆನ್ನಲಾಗದು.

೨

ಈ ಚದುರಿದ ಸಾಮಗ್ರಿಯನ್ನು ಒಟ್ಟುಗೂಡಿಸುವ ಸಾಹಸಕ್ಕೆ ಮೊದಲು ಕೈಹಾಕಿದವನು ಜಾನ್ ಫ್ರಾಂಚೆಸ್ಕೋ ಮಾಲಿಪಿಯೇರೋ. ವೆನಿಸ್ಸಿನಲ್ಲಿ ೧೮೮೨ರಲ್ಲಿ ಹುಟ್ಟಿ ೧೯೭೩ರಲ್ಲಿ ತೀರಿಕೊಂಡ ಈತನು ವೃತ್ತಿಯಿಂದ ಸಂಪಾದಕನಲ್ಲ, ಸ್ವತಃ ಸಂಗೀತರಚಕ. ಅವನಿಗಿಂತ ಮೊದಲು ಬಿಡಿ ಕೃತಿಗಳು ಹೊರಬಂದಿದ್ದುವು. ಜರ್ಮನಿಯ ರೋಬರ್ಟ್ ಐಟ್ನರನು ‘ಆರ್ಫೆಯೋ’ ಗೀತನಾಟಕವನ್ನು ಸಂಕ್ಷೇಪಿಸಿ ೧೮೮೧ರಲ್ಲಿ ಪ್ರಕಟಿಸಿದ್ದನು. ಎಮಿಲ್ ಫೋಗೆಲನ ಜೀವನಶೋಧ ೧೮೮೭ರಲ್ಲಿ ಬಂದಿತ್ತು. ಆದರೆ ಒಂಬತ್ತು ಮ್ಯಾಡ್ರಿಗಲ್ ಸಂಪುಟಗಳೂ ದೇವಾಲಯದ ಸಂಗೀತವೂ ಗೀತನಾಟಕಗಳೂ ಸೇರಿದ ಸಮಗ್ರದರ್ಶನ ಯಾರಿಗೂ ಇರಲಿಲ್ಲ. ಮಾಲಿಪಿಯೇರೋ ಆಸೋಲೋ ಎಂಬ ಬೆಟ್ಟದೂರಿನಲ್ಲಿ ಕುಳಿತು ೧೯೨೬ರಿಂದ ೧೯೪೨ರೊಳಗೆ ಹದಿನಾರು ಸಂಪುಟಗಳನ್ನು ಹೊರತಂದನು. ೧೯೬೬ರಲ್ಲಿ ಹದಿನೇಳನೆಯದಾಗಿ ಒಂದು ಪೂರಕ ಸಂಪುಟ ಸೇರಿತು. ಬಹುಪಾಲು ಒಬ್ಬನೇ ವ್ಯಕ್ತಿಯ ದುಡಿಮೆ ಇದು.

ಈ ಸಂಪುಟಗಳ ಮುಖ್ಯ ದೋಷವನ್ನು ಮುಚ್ಚಿಡಬೇಕಾಗಿಲ್ಲ. ಯಾವ ಗ್ರಂಥಾಲಯದ ಯಾವ ಪ್ರತಿಯನ್ನು ಆಧಾರವಾಗಿ ಹಿಡಿಯಲಾಯಿತು, ಮರುಮುದ್ರಣಗಳಲ್ಲಿ ಕಂಡುಬಂದ ಭೇದಗಳೇನು, ಯಾವ ಸ್ವರವನ್ನು ಏಕೆ ತಿದ್ದಲಾಯಿತು ಎಂಬುದನ್ನು ಓದುಗನು ಕ್ರಮವಾಗಿ ತಿಳಿಯುವ ವ್ಯವಸ್ಥೆ ಅಲ್ಲಿಲ್ಲ. ಪಾಠಾಂತರಸೂಚಿಯಿಲ್ಲದ ಆವೃತ್ತಿಯನ್ನು ನಂಬಬಹುದೇ ಹೊರತು ಪರೀಕ್ಷಿಸಲಾಗದು. ಎರಡನೆಯ ದೋಷ ಇನ್ನೂ ಸೂಕ್ಷ್ಮವಾದುದು. ಮ್ಯಾಡ್ರಿಗಲ್‌ಗಳ ಸಂಪುಟಗಳಲ್ಲಿ ಮಾಲಿಪಿಯೇರೋ ಮೆಲ್ಲಗೆ, ಬಲವಾಗಿ ಎಂಬಂಥ ಗಾಯನಸೂಚನೆಗಳನ್ನು ಸ್ವರಗಳ ನಡುವೆ ಸೇರಿಸಿದನು. ಮೂಲದ ಹೊತ್ತಗೆಗಳಲ್ಲಿ ಅಂಥ ಸೂಚನೆಗಳು ಬಹುಮಟ್ಟಿಗೆ ಇಲ್ಲ. ರಚಕನ ಭಾವವನ್ನು ಇನ್ನೊಬ್ಬ ರಚಕನು ಗ್ರಹಿಸಿ ಬರೆದ ಈ ಸೂಚನೆಗಳು ರಸಜ್ಞತೆಯ ಗುರುತಾಗಿರಬಹುದು. ಆದರೂ ಅವು ಟೀಕೆಯೇ ಹೊರತು ಮೂಲವಲ್ಲ. ಟೀಕೆಯು ಮೂಲದ ಸಾಲಿನೊಳಕ್ಕೆ ಇಳಿದುಬಂದರೆ ಏನಾಗುತ್ತದೆಂಬುದನ್ನು ಲಿಪಿಕಾರರ ಸ್ಖಾಲಿತ್ಯಗಳನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ.

ಇದೇ ಪ್ರಶ್ನೆ ‘ಬಾಸೋ ಕಂತಿನುವೋ’ ಎಂಬ ನಿರಂತರ ಮಂದ್ರಸಾಲಿನ ವಿಷಯದಲ್ಲಿ ಇನ್ನಷ್ಟು ತೀವ್ರವಾಗುತ್ತದೆ. ೧೬೦೫ರ ಐದನೆಯ ಸಂಪುಟದಿಂದ ಮುಂದೆ ಮೊಂತೆವೆರ್ದಿಯು ಮಂದ್ರದ ಒಂದು ಸಾಲನ್ನಷ್ಟೇ ಬರೆದು, ಮೇಲಿನ ಸ್ವರಮೇಳವನ್ನು ವಾದಕನ ಪರಿಜ್ಞಾನಕ್ಕೆ ಬಿಡುತ್ತಾನೆ. ಸೂತ್ರಕಾರನು ಸೂತ್ರ ಬರೆದು ವೃತ್ತಿಯನ್ನು ಶಿಷ್ಯಪರಂಪರೆಗೆ ಬಿಟ್ಟಂತೆ. ಪರಂಪರೆ ಮುರಿದುಹೋದ ಮೇಲೆ ಇಂದಿನ ವಾದಕನಿಗಾಗಿ ಸಂಪಾದಕನು ಆ ಮೇಳವನ್ನು ಬರೆದುಕೊಡಬೇಕಾಗುತ್ತದೆ. ಬರೆಯುವುದು ತಪ್ಪಲ್ಲ. ಸಣ್ಣ ಅಚ್ಚಿನಲ್ಲಿ ಅದನ್ನು ಬೇರೆಯಾಗಿ ಕಾಣಿಸದಿದ್ದರೆ ತಪ್ಪು.

ದೋಷಗಳ ಎದುರಿಗೆ ಗುಣವೊಂದನ್ನು ಇಡಬೇಕು. ತನ್ನ ಕಾಲದ ಕಿವಿಗೆ ಒಗ್ಗಲೆಂದು ಹಳೆಯ ಕೃತಿಯನ್ನು ಕತ್ತರಿಸಿ ಹೊಸದಾಗಿ ಹೊಲಿಯುವ ಪ್ರವೃತ್ತಿ ಪ್ರಬಲವಾಗಿದ್ದಾಗ ಮಾಲಿಪಿಯೇರೋ ಕೃತಿಗಳನ್ನು ಇಡಿಯಾಗಿ ಕೊಟ್ಟನು. ಮುಂದೆ ಬಹುಕಾಲ ಹಾಡಿದವರೂ ಬರೆದವರೂ ಈ ಸಂಪುಟಗಳನ್ನೇ ಮೊದಲು ತೆರೆಯಬೇಕಾಗಿತ್ತು. ಅವನ ತಪ್ಪುಗಳನ್ನು ಎತ್ತಿ ತೋರಿಸಿದ ವಿದ್ವಾಂಸರು ಕೂಡ ಆ ತಪ್ಪುಗಳನ್ನು ಕಾಣಲು ಬೇಕಾದ ಸಾಮಗ್ರಿಯನ್ನು ಪಡೆದದ್ದು ಅವನಿಂದಲೇ.

೩

ಪಾಠನಿರ್ಣಯದಲ್ಲಿ ಕ್ಲಿಷ್ಟಪಾಠವೇ ಗ್ರಾಹ್ಯವೆಂಬ ಸೂತ್ರವೊಂದುಂಟು. ಮೊಂತೆವೆರ್ದಿಯ ವಿಷಯದಲ್ಲಿ ಈ ಸೂತ್ರಕ್ಕೆ ಚರಿತ್ರೆಯ ಬೆಂಬಲವೇ ಇದೆ. ಬೊಲೋನ್ಯದ ಶಾಸ್ತ್ರಜ್ಞ ಜೋವಾನ್ನಿ ಮರಿಯ ಅರ್ತೂಸಿಯು ೧೬೦೦ರಲ್ಲಿ ಪ್ರಕಟಿಸಿದ ಸಂವಾದಗ್ರಂಥದಲ್ಲಿ, ಇನ್ನೂ ಅಚ್ಚಾಗದಿದ್ದ ಕೆಲವು ಮ್ಯಾಡ್ರಿಗಲ್‌ಗಳಿಂದ ಸ್ವರಭಾಗಗಳನ್ನೆತ್ತಿ, ಅವುಗಳಲ್ಲಿ ವಿಸಂವಾದಿ ಸ್ವರಗಳು ನಿಯಮಮೀರಿ ಬಂದಿವೆಯೆಂದು ಖಂಡಿಸಿದನು. ರಚಕನ ಹೆಸರನ್ನು ಹೇಳಲಿಲ್ಲ; ಗೀತದ ಮಾತುಗಳನ್ನು ಕೂಡ ಕೊಡಲಿಲ್ಲ. ಮೊಂತೆವೆರ್ದಿಯು ೧೬೦೫ರ ಸಂಪುಟದಲ್ಲಿ ಆ ಗೀತಗಳಲ್ಲಿ ಕೆಲವನ್ನು ಪ್ರಕಟಿಸಿ, ತಾನು ಬರೆಯುವುದು ಯದೃಚ್ಛೆಯಿಂದಲ್ಲವೆಂದು ಸಾರಿದನು. ೧೬೦೭ರಲ್ಲಿ ಅವನ ತಮ್ಮ ಜೂಲಿಯೋ ಚೆಸಾರೆಯು ಆ ಮಾತನ್ನು ವಿಸ್ತರಿಸಿ, ಈ ಹೊಸ ಪದ್ಧತಿಯಲ್ಲಿ ಮಾತು ಸ್ವರಮೇಳಕ್ಕೆ ಒಡೆಯನೇ ಹೊರತು ಆಳಲ್ಲ ಎಂಬ ಆಶಯವನ್ನು ಪ್ರತಿಪಾದಿಸಿದನು.

ಈ ವಿವಾದ ಸಂಪಾದಕನಿಗೆ ಕಲಿಸುವ ಪಾಠ ದೊಡ್ಡದು. ಹೊತ್ತಗೆಯಲ್ಲಿ ಕರ್ಕಶವಾದ ಸ್ವರವೊಂದು ಕಂಡರೆ ಅದು ಅಚ್ಚಿನ ತಪ್ಪೋ ಕರ್ತೃವಿನ ಉದ್ದೇಶವೋ ಎಂಬ ಸಂದೇಹ ಏಳುತ್ತದೆ. ಅಚ್ಚಿನ ತಪ್ಪುಗಳೂ ಆ ಹೊತ್ತಗೆಗಳಲ್ಲಿ ಉಂಟು. ಆದರೆ ಕರ್ಕಶವಾದುದನ್ನೆಲ್ಲ ಸವರುತ್ತ ಹೋಗುವ ಸಂಪಾದಕನು ಅರಿಯದೆಯೇ ಅರ್ತೂಸಿಯ ಪಕ್ಷವನ್ನು ಸೇರುತ್ತಾನೆ. ಪ್ರತಿವಾದಿಯ ಆಕ್ಷೇಪವನ್ನು ಕರ್ತೃವಿನ ಪಾಠದೊಳಗೇ ನೆಡುತ್ತಾನೆ. ಅಂಥ ಕಡೆ ಮಾತಿನ ಅರ್ಥವನ್ನು ನೋಡಬೇಕು. ನೋವು, ಕ್ರೌರ್ಯ, ವಿರಹಗಳ ಪದದ ಮೇಲೆ ವಿಸಂವಾದ ಬಂದಿದ್ದರೆ ಕೈ ತಡೆಯಬೇಕು. ಅರ್ತೂಸಿ ಮಾತುಗಳನ್ನು ತೆಗೆದುಹಾಕಿ ಸ್ವರಗಳನ್ನು ಮಾತ್ರ ವಿಚಾರಿಸಿದ್ದರಿಂದಲೇ ಅವು ಅವನಿಗೆ ಅಪರಾಧಗಳಾಗಿ ತೋರಿದುವು. ಅರ್ಥವನ್ನು ಬಿಟ್ಟು ಅಕ್ಷರವನ್ನಷ್ಟೇ ಸಂಪಾದಿಸುವುದು ಎಂದೂ ಅಪಾಯಕರ.

ಅಕ್ಷರಕ್ಕೆ ನಿಷ್ಠನಾಗಿದ್ದೂ ತಪ್ಪುವುದುಂಟೆಂಬುದಕ್ಕೆ ೧೬೧೦ರಲ್ಲಿ ವೆನಿಸ್ಸಿನ ಅಮಾದಿನೋ ಅಚ್ಚುಹಾಕಿದ ಸಂಧ್ಯಾಪ್ರಾರ್ಥನೆಯ ಸಂಗೀತವೇ ನಿದರ್ಶನ. ಏಳು ಬಿಡಿ ಹೊತ್ತಗೆಗಳೂ ಮಂದ್ರಸಾಲಿನ ಇನ್ನೊಂದೂ ಸೇರಿ ಎಂಟು ಹೊತ್ತಗೆಗಳ ಈ ಕೃತಿಯಲ್ಲಿ ಒಂದು ಕೀರ್ತನೆಯೂ ‘ಮಾಗ್ನಿಫಿಕಾತ್’ ಸ್ತೋತ್ರವೂ ಉಳಿದುವುಗಳಿಗಿಂತ ಎತ್ತರದ ಸ್ಥಾನಸಂಕೇತಗಳಲ್ಲಿ ಬರೆಯಲ್ಪಟ್ಟಿವೆ. ಅಂಥ ಸಂಕೇತ ಕಂಡಾಗ ಬರೆದುದಕ್ಕಿಂತ ಕೆಳಗಿನ ಸ್ಥಾಯಿಯಲ್ಲಿ ಹಾಡಬೇಕೆಂಬುದು ಆ ಕಾಲದ ರೂಢಿ. ಗಾಯಕರಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ರೂಢಿ ಮರೆತ ಮೇಲೆ ಸಂಪಾದಕರು ಇದ್ದುದನ್ನು ಇದ್ದಂತೆಯೇ ಅಚ್ಚುಹಾಕಿದರು. ಗಾಯಕರು ಕಂಠ ಕಟ್ಟುವಷ್ಟು ಎತ್ತರದಲ್ಲಿ ಹಾಡಿದರು. ಶ್ರೋತೃಗಳು ಅದನ್ನೇ ಕೃತಿಯ ವೈಭವವೆಂದು ಬಗೆದರು. ೧೯೮೪ರಲ್ಲಿ ಆಂಡ್ರೂ ಪ್ಯಾರಟ್ ಎಂಬ ಆಂಗ್ಲ ಸಂಗೀತಜ್ಞನು ಈ ಭಾಗಗಳನ್ನು ನಾಲ್ಕು ಸ್ವರಸ್ಥಾನ ಕೆಳಕ್ಕಿಳಿಸಬೇಕೆಂದು ವಿಸ್ತಾರವಾಗಿ ವಾದಿಸಿದನು. ಇಳಿಸುವ ಪ್ರಮಾಣದ ಬಗೆಗೆ ಮುಂದೆಯೂ ಚರ್ಚೆ ನಡೆಯಿತು. ಓಲೆಗರಿಯ ಸಂಕ್ಷೇಪಚಿಹ್ನೆಯನ್ನು ತಪ್ಪಿಲ್ಲದೆ ನಕಲುಮಾಡಿ, ಅದರ ವಿಸ್ತರಣವನ್ನು ಅರಿಯದವನ ಪ್ರತಿಗೂ ಇದಕ್ಕೂ ಭೇದವಿಲ್ಲ.

ಇದೇ ಕೃತಿಯಲ್ಲಿ ಕೀರ್ತನೆಗಳ ನಡುವೆ ಬರುವ ಏಕಕಂಠ, ದ್ವಿಕಂಠಾದಿ ಗೀತಗಳು ವಿಧಿಗೆ ಸೇರಿದುವಲ್ಲವೆಂದು ಬಗೆದು, ಡೆನಿಸ್ ಸ್ಟೀವನ್ಸನು ತನ್ನ ೧೯೬೧ರ ಆವೃತ್ತಿಯಿಂದ ಅವುಗಳನ್ನು ಕೈಬಿಟ್ಟನು. ವಿಧಿಯ ದೃಷ್ಟಿಯಿಂದ ಆ ಪ್ರಶ್ನೆ ಎತ್ತಬೇಕಾದುದೇ. ಆದರೆ ೧೬೧೦ರ ಹೊತ್ತಗೆಯಲ್ಲಿ ಅವು ಅದೇ ಅನುಕ್ರಮದಲ್ಲಿ ಅಚ್ಚಾಗಿವೆ. ಗ್ರಂಥದಲ್ಲಿರುವುದನ್ನು ತನ್ನ ಸಿದ್ಧಾಂತಕ್ಕಾಗಿ ಹೊರಗಿಡುವ ಅಧಿಕಾರ ಸಂಪಾದಕನಿಗಿಲ್ಲ. ಸಂಶಯವನ್ನು ಪೀಠಿಕೆಯಲ್ಲಿ ಹೇಳುವ ಅಧಿಕಾರ ಮಾತ್ರ ಉಂಟು.

೪

ಇನ್ನು ಕರ್ತೃತ್ವದ ಪ್ರಶ್ನೆ. ಮೇಲೆ ಹೇಳಿದ ಅರಿಯಾನಳ ಪ್ರಲಾಪ ಮೂರು ರೂಪಗಳಲ್ಲಿ ದೊರೆಯುತ್ತದೆ. ೧೬೧೪ರ ಆರನೆಯ ಸಂಪುಟದಲ್ಲಿ ಅದು ಐದು ಕಂಠಗಳ ಮ್ಯಾಡ್ರಿಗಲ್. ೧೬೨೩ರ ಮುದ್ರಣದಲ್ಲಿ ಏಕಕಂಠದ ಗೀತ. ೧೬೪೦-೪೧ರ ಧಾರ್ಮಿಕ ಸಂಗ್ರಹದಲ್ಲಿ ಅದೇ ಸ್ವರಗಳಿಗೆ ಲ್ಯಾಟಿನ್ ಮಾತು ಹೊಂದಿ ಮೇರಿಮಾತೆಯ ಶೋಕ. ರಂಗದ ಮೇಲೆ ಹಾಡಿದ್ದು ೧೬೦೮ರಲ್ಲಿ. ಆದರೆ ಆ ರೂಪಕ್ಕೆ ಹತ್ತಿರವಾದ ಏಕಕಂಠದ ಗೀತ ಅಚ್ಚಾದುದು ಐದು ಕಂಠಗಳ ರೂಪಾಂತರದ ಅನಂತರ. ಮುದ್ರಣದ ಕಾಲಕ್ರಮದಿಂದ ಮೂಲವನ್ನು ನಿರ್ಣಯಿಸುವವನು ಇಲ್ಲಿ ಎಡವುತ್ತಾನೆ. ಈ ಮೂರನ್ನು ಒಂದೇ ಕೃತಿಯ ಪಾಠಾಂತರಗಳೆಂದು ಬಗೆದು ಸಂಕಲಿಸುವುದೂ ಅಯುಕ್ತ. ಕರ್ತೃವೇ ಬೇರೆ ಬೇರೆ ಪ್ರಯೋಜನಕ್ಕಾಗಿ ಒಪ್ಪವಿಟ್ಟ ಮೂರು ಕೃತಿಗಳವು. ‘ಆರ್ಫೆಯೋ’ ನಾಟಕದ ೧೬೦೯ರ ಮುದ್ರಣದಲ್ಲಿ ಒಂದು ಮುಖ್ಯ ಗಾನವು ಅಲಂಕಾರರಹಿತವಾಗಿಯೂ ಅಲಂಕೃತವಾಗಿಯೂ ಮೇಲೆ ಕೆಳಗೆ ಎರಡು ಸಾಲುಗಳಲ್ಲಿ ಅಚ್ಚಾಗಿದೆ. ಕರ್ತೃವೇ ಎರಡನ್ನೂ ಕೊಟ್ಟಿರುವಾಗ ಒಂದನ್ನು ಆರಿಸುವ ಶ್ರಮ ಸಂಪಾದಕನಿಗೆ ಬೇಡ. ಆ ನಾಟಕದ ಮುಕ್ತಾಯವು ಮಾತ್ರ ೧೬೦೭ರಲ್ಲಿ ಅಚ್ಚಾದ ಮಾತಿನ ಹೊತ್ತಗೆಯಲ್ಲಿ ಒಂದು ಬಗೆ, ೧೬೦೯ರ ಸಂಗೀತದಲ್ಲಿ ಇನ್ನೊಂದು ಬಗೆ. ಹಳೆಯ ಮುಕ್ತಾಯಕ್ಕೆ ಸಂಗೀತ ದೊರೆತಿಲ್ಲ. ಅಲ್ಲಿ ಭೇದವನ್ನು ತೋರಿಸಿ ಸುಮ್ಮನಿರುವುದೇ ಉಚಿತ.

ಅತ್ಯಂತ ಕಠಿನವಾದುದು ಕೊನೆಯ ಗೀತನಾಟಕ ‘ಪೊಪ್ಪೆಯಾ’. ೧೬೪೩ರ ಉತ್ಸವಕಾಲದಲ್ಲಿ ವೆನಿಸ್ಸಿನಲ್ಲಿ ಪ್ರಯೋಗಗೊಂಡ ಇದರ ಸಂಗೀತ ಎರಡು ಹಸ್ತಪ್ರತಿಗಳಲ್ಲಿ ಉಳಿದಿದೆ. ವೆನಿಸ್ಸಿನ ಮಾರ್ಚಾನ ಗ್ರಂಥಾಲಯದ ಪ್ರತಿ ೧೮೮೮ರಲ್ಲಿ ಬೆಳಕಿಗೆ ಬಂದಿತು. ನೇಪಲ್ಸಿನ ಸಂಗೀತಶಾಲೆಯ ಪ್ರತಿ ೧೯೩೦ರಲ್ಲಿ. ಎರಡೂ ಕರ್ತೃವಿನ ಮರಣಾನಂತರದವು. ವೆನಿಸ್ಸಿನ ಪ್ರತಿಯಲ್ಲಿ ಇನ್ನೊಬ್ಬ ರಚಕನಾದ ಕಾವಲ್ಲಿಯ ಹಸ್ತಾಕ್ಷರದ ಟಿಪ್ಪಣಿಗಳಿವೆ. ಅದರ ಬಹುಭಾಗವನ್ನು ಬರೆದ ಕೈ ಅವನ ಹೆಂಡತಿಯದೆಂದು ಗುರುತಿಸಲಾಗಿದೆ. ವಾದ್ಯಭಾಗಗಳು ಒಂದರಲ್ಲಿ ಮೂರು ಸಾಲು, ಇನ್ನೊಂದರಲ್ಲಿ ನಾಲ್ಕು. ನಾಟಕವನ್ನು ಮುಗಿಸುವ ಪ್ರಸಿದ್ಧ ಯುಗಳಗೀತದ ಮಾತುಗಳು ೧೬೪೧ರಲ್ಲಿ ಬೊಲೋನ್ಯದಲ್ಲಿ ನಡೆದ ಬೆನೆದೆತ್ತೋ ಫೆರ್ರಾರಿಯ ನಾಟಕವೊಂದರಲ್ಲಿಯೂ ಇವೆ. ಅಲನ್ ಕರ್ಟಿಸನು ೧೯೮೯ರಲ್ಲಿ ಕೊನೆಯ ದೃಶ್ಯಗಳ ಸಂಗೀತ ಬಹುಶಃ ಕಿರಿಯ ಸಮಕಾಲೀನರ ಕೈವಾಡವೆಂದು ಪ್ರತಿಪಾದಿಸಿದನು. ಮೊಂತೆವೆರ್ದಿಯ ಹೆಸರಿನೊಡನೆ ಜನರ ಕಿವಿಯಲ್ಲಿ ಉಳಿದಿರುವ ಗೀತಗಳಲ್ಲಿ ಒಂದು ಅವನದಲ್ಲದಿರಬಹುದೆಂಬುದು ಇದರ ತಾತ್ಪರ್ಯ.

ಇಲ್ಲಿ ಆರಂಭದಲ್ಲಿ ಹೇಳಿದ ಎರಡು ಪ್ರತಿಜ್ಞೆಗಳು ಮುಖಾಮುಖಿಯಾಗುತ್ತವೆ. ಯುಗಳಗೀತವನ್ನು ಪ್ರಕ್ಷಿಪ್ತವೆಂದು ತೆಗೆದರೆ ಎರಡೂ ಪ್ರತಿಗಳು ಸಾಕ್ಷಿ ನುಡಿಯುವ ನಾಟಕ ಮುಕ್ತಾಯವಿಲ್ಲದಂತಾಗುತ್ತದೆ. ಇಟ್ಟರೆ ಕರ್ತೃವಿನ ಸಂಪುಟದಲ್ಲಿ ಅನ್ಯರ ರಚನೆ ನಿಲ್ಲುತ್ತದೆ. ಅವನ ಮರಣಾನಂತರ ೧೬೫೦ರಲ್ಲಿ ಅಚ್ಚಾದ ದೇವಾಲಯಸಂಗೀತದ ಸಂಗ್ರಹದಲ್ಲಿಯೂ ಕಾವಲ್ಲಿಯ ಒಂದು ಸ್ತೋತ್ರ ಸೇರಿದೆ. ಆದರೆ ಅಲ್ಲಿ ಅದು ಕಾವಲ್ಲಿಯ ಹೆಸರಿನಲ್ಲಿಯೇ ಇರುವುದರಿಂದ ಗೊಂದಲವಿಲ್ಲ. ‘ಪೊಪ್ಪೆಯಾ’ದಲ್ಲಿ ಅಂಥ ಹೆಸರಿಲ್ಲ. ಪುಣೆಯಲ್ಲಿ ಮಹಾಭಾರತದ ಪರಿಷ್ಕರಣ ನಡೆದಾಗ ಸಂಪಾದಕರು ಪ್ರಕ್ಷಿಪ್ತವೆಂದು ಬಗೆದ ಭಾಗಗಳನ್ನು ಬಿಸಾಡದೆ ಅಡಿಟಿಪ್ಪಣಿ, ಅನುಬಂಧಗಳಲ್ಲಿ ಉಳಿಸಿದರು. ಹತ್ತೊಂಬತ್ತು ಸಂಪುಟಗಳ ಆ ಕಾರ್ಯ ೧೯೬೬ರಲ್ಲಿ ಮುಗಿಯಿತು. ರಂಗಕೃತಿಗೆ ಈ ಮಾರ್ಗವೂ ಪೂರ್ತಿ ಒಗ್ಗದು. ಮುಕ್ತಾಯವನ್ನು ಅನುಬಂಧಕ್ಕೆ ತಳ್ಳಿ ನಾಟಕವನ್ನು ಆಡಲಾಗುವುದಿಲ್ಲ. ಹಾಗಾಗಿ ಯುಗಳಗೀತ ತನ್ನ ಸ್ಥಾನದಲ್ಲಿಯೇ ಇರಬೇಕು, ಅದರ ತಲೆಯ ಮೇಲೆ ಕರ್ತೃಸಂದೇಹದ ಗುರುತೂ ಇರಬೇಕು. ಗುರುತಿಲ್ಲದೆ ಇಡುವುದು ಅಸತ್ಯ. ಸಂದೇಹದ ಬಲದಿಂದಲೇ ತೆಗೆಯುವುದು ಅತಿಸಾಹಸ.

೫

ಮಾಲಿಪಿಯೇರೋವಿನ ಕೊರತೆಗಳನ್ನು ತುಂಬುವ ಉದ್ದೇಶದಿಂದ ಕ್ರೆಮೋನದ ಮೊಂತೆವೆರ್ದಿ ಪ್ರತಿಷ್ಠಾನವು ೧೯೭೦ರಲ್ಲಿ ಎರಡನೆಯ ಸಮಗ್ರ ಆವೃತ್ತಿಯನ್ನು ಆರಂಭಿಸಿತು. ಮೊದಲ ಮ್ಯಾಡ್ರಿಗಲ್ ಸಂಪುಟವನ್ನು ರಫಾಯೆಲ್ಲೋ ಮೊಂತೆರೊಸ್ಸೋ ಸಂಪಾದಿಸಿದನು. ಬೇರೆ ಬೇರೆ ಸಂಪುಟಗಳಿಗೆ ಬೇರೆ ಬೇರೆ ವಿದ್ವಾಂಸರು, ಮೂಲಗಳ ವಿವರಣೆ, ಪಾಠವಿಮರ್ಶೆ ಎಲ್ಲವೂ ಈ ಯೋಜನೆಯಲ್ಲಿ ಉಂಟು. ಪರೀಕ್ಷಿಸಬಲ್ಲ ಪಾಠವನ್ನು ಓದುಗನ ಕೈಗಿತ್ತ ಹಿರಿಮೆ ಇದರದು.

ಆದರೆ ಕಾಲದ ಲೆಕ್ಕವನ್ನೂ ನೋಡಬೇಕು. ಸಂಧ್ಯಾಪ್ರಾರ್ಥನೆಯ ಸಂಪುಟವನ್ನು ಮಾಲಿಪಿಯೇರೋ ತನ್ನ ಕಾರ್ಯಾರಂಭದ ಆರನೆಯ ವರ್ಷದಲ್ಲಿ, ೧೯೩೨ರಲ್ಲಿ ಕೊಟ್ಟನು. ಕ್ರೆಮೋನದ ಆವೃತ್ತಿಯಲ್ಲಿ ಅದು ಬಂದುದು ಮೂವತ್ತೈದನೆಯ ವರ್ಷದಲ್ಲಿ, ೨೦೦೫ರಲ್ಲಿ. ಅಷ್ಟರಲ್ಲಿ ಜೆಫ್ರಿ ಕರ್ಟ್ಸ್‌ಮನ್ನನ ಆವೃತ್ತಿ ೧೯೯೯ರಲ್ಲಿಯೇ ವಿದ್ವಾಂಸರ ಕೈಸೇರಿತ್ತು. ಸಮಗ್ರ ಸಂಪುಟವು ತಡವಾದಷ್ಟೂ ಬಿಡಿ ಆವೃತ್ತಿಗಳು ಅದರ ಕಾರ್ಯವನ್ನು ಮಾಡಿಮುಗಿಸುತ್ತವೆ. ಮೊದಲು ಬಂದ ಸಂಪುಟಕ್ಕೂ ಕೊನೆಗೆ ಬರುವುದಕ್ಕೂ ಸಂಪಾದನತತ್ತ್ವವೇ ಬದಲಾಗಿರುವ ಸಂಭವವೂ ಉಂಟು.

ಇದರಿಂದ ಅವಸರವೇ ಲೇಸೆಂದು ಹೇಳಿದಂತಾಗುವುದಿಲ್ಲ. ಮಾಲಿಪಿಯೇರೋವಿನ ದೋಷ ಅವಸರದ್ದಲ್ಲ, ಮೌನದ್ದು. ತಾನು ನೋಡಿದ ಪ್ರತಿ ಯಾವುದು, ತಿದ್ದಿದ ಸ್ವರ ಯಾವುದು, ತಾನು ಸೇರಿಸಿದ ಗುರುತು ಯಾವುದೆಂಬುದನ್ನು ಪ್ರತಿ ಸಂಪುಟದ ಕೊನೆಗೆ ನಾಲ್ಕು ಪುಟಗಳಲ್ಲಿ ಬರೆದಿದ್ದರೆ ಹದಿನಾರು ವರ್ಷ ಹದಿನೇಳಾಗುತ್ತಿತ್ತು, ಅಷ್ಟೆ. ಆಗ ಆ ಸಂಪುಟಗಳನ್ನು ಮುಂದಿನವರು ತಿದ್ದಿ ಬಳಸಬಹುದಾಗಿತ್ತು; ಬರೆಯದ ಕಾರಣ ಎಲ್ಲವನ್ನೂ ಬುಡದಿಂದ ಮತ್ತೆ ಮಾಡಬೇಕಾಯಿತು. ಪಾಠ ತಪ್ಪಿದ್ದರೂ ಆಧಾರವನ್ನು ಹೇಳಿದ ಸಂಪಾದಕನ ಶ್ರಮ ಉಳಿಯುತ್ತದೆ. ಪಾಠ ಸರಿಯಿದ್ದೂ ಆಧಾರವನ್ನು ಹೇಳದವನ ಶ್ರಮ ಒಂದು ತಲೆಮಾರಿನ ವಿಶ್ವಾಸದೊಡನೆ ಮುಗಿಯುತ್ತದೆ.

ಸಮಗ್ರತೆಯ ಪ್ರತಿಜ್ಞೆಯನ್ನು ಪೂರ್ಣವಾಗಿ ಯಾರೂ ನೆರವೇರಿಸಲಾರರು. ಮಾಂತುವದಲ್ಲಿ ನಾಶವಾದುದು ಮರಳಿ ಬರದು, ಮಂದ್ರದ ಒಂದು ಹೊತ್ತಗೆಗೆ ಉಳಿದ ಮೂರು ಸೇರಲಾರವು. ಪ್ರಾಮಾಣ್ಯದ ಪ್ರತಿಜ್ಞೆಯೂ ‘ಪೊಪ್ಪೆಯಾ’ದಂಥ ಕಡೆ ಸಂದೇಹದಲ್ಲಿಯೇ ನಿಲ್ಲುತ್ತದೆ. ಆದರೆ ಮೂಲದ ಸಾಲೆಷ್ಟು, ತನ್ನ ಕೈಯ ಬರೆಹವೆಷ್ಟು ಎಂಬುದನ್ನು ಬೇರ್ಪಡಿಸಿ ತೋರಿಸುವುದು ಸಂಪಾದಕನ ವಶದಲ್ಲಿಯೇ ಇದೆ. ಪ್ರತಿಗಳ ಕೊರತೆ ಅದಕ್ಕೆ ಅಡ್ಡಿಯಾಗದು, ಕಾಲದ ಕೊರತೆಯೂ ಅಡ್ಡಿಯಾಗದು. ಒಂದು ಆವೃತ್ತಿಯ ಯೋಗ್ಯತೆಯನ್ನು ಅಳೆಯುವಾಗ ಮೊದಲು ನೋಡಬೇಕಾದುದು ಇದನ್ನೇ.